ಹಳೇ ಬ್ರೇಕ್ ಶೂ ಎಲ್ಲಿ, ಕುಂಪಾರೆ?

ಸೋಮವಾರ ಬೆಳಿಗ್ಗೆ ಚರ್ಚಿನ ಇಳಿಜಾರಿನಲ್ಲಿ ಫೆಲಿಸಾ ಬ್ರೇಕ್ ತುಳಿದಳು. ಪೆಡಲು ತಳ ಮುಟ್ಟಿತು, ಗಾಡಿ ಮಾತ್ರ ನಿಲ್ಲಲಿಲ್ಲ.

ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ ತೊಟ್ಟಿಯಲ್ಲಿ ಶಾಲೆಯ ಮಕ್ಕಳು ಆರು ಜನ. ಅದರಲ್ಲೊಬ್ಬಳು ಅವಳ ಮಗಳೇ, ಜೋಯ್ಲಿನ್. ಇಳಿಜಾರಿನ ಬುಡದಲ್ಲಿ ಮೀನಿನ ಸಂತೆ, ತುಂಬಾ ಜನ. ಫೆಲಿಸಾ ಮುಂದಿನ ಬ್ರೇಕ್ ಹಿಡಿದಳು, ಅಷ್ಟು ಭಾರಕ್ಕೆ ಅದು ಸಾಲಲಿಲ್ಲ. ಗೇರ್ ಇಳಿಸಿದಳು. "ಗಟ್ಟಿಯಾಗಿ ಹಿಡ್ಕೊಳ್ರೋ!" ಅಂತ ಕೂಗಿ, ರಸ್ತೆ ಪಕ್ಕ ಗುಡ್ಡೆ ಹಾಕಿದ್ದ ತೆಂಗಿನ ಸಿಪ್ಪೆಯ ರಾಶಿಗೆ ಗಾಡಿ ನುಗ್ಗಿಸಿದಳು.

ಮಕ್ಕಳಿಗೆ ಏನೂ ಆಗಲಿಲ್ಲ. ಒಬ್ಬನ ಅನ್ನದ ಡಬ್ಬಿ ಮಾತ್ರ ಚೆಲ್ಲಿಹೋಯಿತು. ಫೆಲಿಸಾ ಕೆಳಗಿಳಿದು ಒಬ್ಬೊಬ್ಬರನ್ನೇ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ಸಿಪ್ಪೆಯ ಮೇಲೆ ಕೂತುಬಿಟ್ಟಳು.

ಅದೇ ಬ್ರೇಕನ್ನು ನಾಲ್ಕು ದಿನದ ಹಿಂದಷ್ಟೇ ರಿಪೇರಿ ಮಾಡಿಸಿದ್ದಳು. ಮಾಡಿದವನು ಅರ್ತೆಮಿಯೋ. ಊರಿಗೇ ಒಳ್ಳೆಯ ಮೆಕ್ಯಾನಿಕ್. ಜೋಯ್ಲಿನ್‌ಗೆ ಜ್ಞಾನಸ್ನಾನವಾದ ದಿನ ಮಗುವನ್ನು ಕೈಯಲ್ಲಿ ಎತ್ತಿಕೊಂಡು ನಿಂತಿದ್ದವನೂ ಅವನೇ. ಅಂದಿನಿಂದ ಅವನು ಮಗುವಿಗೆ ಧರ್ಮಪಿತ, ಫೆಲಿಸಾಗೆ ಕುಂಪಾರೆ. ಬೊಹೋಲ್ ದ್ವೀಪದಲ್ಲಿ ಈ ನಂಟು ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಅಂಥವನ ಹತ್ತಿರ ಯಾರಾದರೂ ಚೀಟಿ ಬರೆಸಿಕೊಳ್ಳುತ್ತಾರೆಯೇ? ಏನು ಹಾಕಿದೆ, ಏನು ತೆಗೆದೆ ಅಂತ ಕೇಳುತ್ತಾರೆಯೇ? ಫೆಲಿಸಾ ಗಾಡಿ ಬಿಟ್ಟು ಬಂದಿದ್ದಳು, ಸಂಜೆ ಹೋಗಿ ತಂದಿದ್ದಳು. ಅಷ್ಟೇ.

ಮಧ್ಯಾಹ್ನ ಅವಳು ಗ್ಯಾರೇಜಿಗೆ ನಡೆದೇ ಹೋದಳು. ಅರ್ತೆಮಿಯೋ ಒಂದು ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ಸುತ್ತ ಮೂರು ನಾಲ್ಕು ಗಿರಾಕಿಗಳು.

"ಕುಂಪಾರೆ, ಬ್ರೇಕ್ ಹಿಡೀಲಿಲ್ಲ."

"ಅಯ್ಯೋ, ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯೇನೋ ತಂಗಿ. ಹೆಂಗಸರು ಸುಮಾರು ಜನ ಹಾಗೇ ಮಾಡ್ತಾರೆ."

ಗಿರಾಕಿಗಳು ನಕ್ಕರು. ಫೆಲಿಸಾ ನಗಲಿಲ್ಲ. ಹನ್ನೊಂದು ವರ್ಷದಿಂದ ಗಾಡಿ ಓಡಿಸುವವಳು ಅವಳು.

"ಗಾಡೀಲಿ ನಿಮ್ಮ ಧರ್ಮಪುತ್ರೀನೂ ಇದ್ಲು," ಅಂದಳು.

ಅವನ ಕೈ ನಿಂತಿತು. "ಮಗು ಚೆನ್ನಾಗಿದ್ಯಾ?"

"ಚೆನ್ನಾಗಿದ್ದಾಳೆ. ಬಿಚ್ಚಿದ ಹಳೇ ಬ್ರೇಕ್ ಶೂ ಎಲ್ಲಿ, ಕುಂಪಾರೆ? ಒಂದ್ಸಲ ನೋಡ್ಬೇಕು."

ಆ ಮಾತಿಗೆ ಅರ್ತೆಮಿಯೋ ಮುಖ ಕೆಂಪಾಯಿತು. "ಹಳೇದು ಕೇಳ್ತೀಯಾ? ನಾಲ್ಕು ಜನರ ಎದುರಿಗೆ? ನಾನೇನು ಕಳ್ಳನಾ? ಗುಜರಿಗೆ ಹೋಯ್ತು ಅದು. ಗಾಡಿ ತಂದ್ಬಿಡು, ಬಿಟ್ಟಿ ಮಾಡ್ಕೊಡ್ತೀನಿ, ಸುಮ್ನಿರು."

"ಬಿಟ್ಟಿ ಬೇಡ. ಯಾಕೆ ಹೀಗಾಯ್ತು ಅಂತ ಗೊತ್ತಾಗ್ಬೇಕು."

ಅವನು ಸ್ಪ್ಯಾನರ್ ಎತ್ತಿಕೊಂಡು ಇಂಜಿನ್ ಕಡೆ ತಿರುಗಿದ.

ಮನೆಯಲ್ಲಿ ಅತ್ತೆ ಸಿಮಿಯೋನಾ ಕಾದೇ ಕೂತಿದ್ದಳು. ಸುದ್ದಿ ಸೊಸೆಗಿಂತ ಮೊದಲು ಮನೆ ಸೇರಿತ್ತು. "ಧರ್ಮಪಿತನ ಮರ್ಯಾದೆ ಕಳೆದೆಯಲ್ಲೇ! ಆಗಿದ್ದಾಯ್ತು, ಮಕ್ಕಳು ಚೆನ್ನಾಗಿವೆ. ಗಾಡಿ ಹಿಂದೆ ಬೈಬಲ್ ವಾಕ್ಯ ಬೇರೆ ಬರೆಸಿದ್ದೀವಿ, ದೇವರು ಕಾಪಾಡ್ತಾನೆ."

"ಕಾಪಾಡ್ತಾನೆ ಅತ್ತೆ. ಆದ್ರೆ ಬ್ರೇಕ್ ತುಳಿಯೋಳು ನಾನು."

ಸಂಜೆ ಮಕ್ಕಳ ತಾಯಂದಿರು ಬಂದರು. ಬೈಯಲಿಲ್ಲ. "ಯಾಕೆ ಹಾಗಾಯ್ತು ಅಂತ ಗೊತ್ತಾಗೋವರೆಗೂ ಮಕ್ಕಳನ್ನ ಕಳಿಸಲ್ಲ ಫೆಲಿಸಾ, ತಪ್ಪು ತಿಳ್ಕೋಬೇಡ," ಅಂದು ಹೋದರು. ಅವಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದಳು.

ಮಾರನೆಯ ದಿನ ಗಾಡಿ ಸ್ಟ್ಯಾಂಡಿನಲ್ಲಿ ನೆನಿತಾ ಸಿಕ್ಕಳು. ಚಾಲಕರ ಸಂಘದ ಕಾರ್ಯದರ್ಶಿ. ಮಾತು ಕಡಿಮೆ, ಕೆಲಸ ಜಾಸ್ತಿ.

"ಚಕ್ರ ಬಿಚ್ಚಿಸಿದ್ಯಾ?"

"ಇಲ್ಲ. ಪೇಟೆಯಲ್ಲಿ ಇನ್ನೊಬ್ಬನಿಗೆ ತೋರಿಸೋಣ ಅಂತಿದ್ದೆ."

"ಮುಟ್ಟಿಸ್ಲೇಬೇಡ! ಇನ್ನೊಬ್ಬ ಕೈ ಹಾಕಿದ್ರೆ, ತಪ್ಪು ಅವನದೋ ಇವನದೋ ಅಂತ ಯಾರು ಹೇಳ್ಬೇಕು? ಗಾಡಿ ಹೇಗಿದ್ಯೋ ಹಾಗೇ ಇರ್ಲಿ. ಬರಂಗಾಯ್ ಕಚೇರೀಲಿ ಒಂದು ಅರ್ಜಿ ಕೊಡು. ಊರಿನ ಹಿರಿಯರು ಇಬ್ಬರನ್ನೂ ಕೂರಿಸಿ ಮಾತಾಡ್ತಾರೆ. ವಕೀಲರು ಬೇಡ, ಏನೂ ಬೇಡ."

"ಕುಂಪಾರೆ ಮೇಲೆ ಅರ್ಜಿ ಕೊಡೋದಾ?"

"ಅಲ್ಲ ಕಣೆ, ಹೀಗೇ ಮುಖ ತಿರುಗಿಸ್ಕೊಂಡು ಎಷ್ಟು ವರ್ಷ ಓಡಾಡ್ತೀಯಾ? ಎದುರುಬದುರು ಕೂತ್ರೆ ನಂಟು ಉಳಿಯುತ್ತೆ. ಬೆನ್ನ ಹಿಂದೆ ಆಡ್ಕೊಂಡ್ರೆ ಹೋಗುತ್ತೆ."

ಇಳಿಜಾರಿನಲ್ಲಿ ಜೋಯ್ಲಿನ್ ಪಕ್ಕದ ತೊಟ್ಟಿಯಿಂದ "ಅಮ್ಮಾ" ಅಂತ ಕೂಗಿದ್ದು ಫೆಲಿಸಾಳ ಕಿವಿಯಲ್ಲಿ ಇನ್ನೂ ಇತ್ತು. ಎದ್ದು, ಊರ ಪಂಚಾಯ್ತಿಯಂಥ ಆ ಬರಂಗಾಯ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು.

ಶುಕ್ರವಾರ ಕಚೇರಿ ಅಂಗಳಕ್ಕೆ ಗಾಡಿಯನ್ನು ತಳ್ಳಿಕೊಂಡು ತಂದರು, ಎಲ್ಲರೂ ಸೇರಿದರು. ಅತ್ತೆ ಸಿಮಿಯೋನಾ ಬರುವುದಿಲ್ಲ ಅಂತ ಹಟ ಹಿಡಿದವಳು ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಹಿಡಿದಿದ್ದಳು. ಬರಂಗಾಯ್ ಮುಖ್ಯಸ್ಥ ಕ್ಲೆತೊ ಮುದುಕ, ನಿಧಾನಿ.

"ಅರ್ತೆಮಿಯೋ, ನೀನೇ ಚಕ್ರ ಬಿಚ್ಚು. ಎಲ್ಲರೂ ನೋಡ್ಲಿ," ಅಂದ.

ಅರ್ತೆಮಿಯೋ ಚಕ್ರ ಬಿಚ್ಚಿದ. ಒಳಗಿನಿಂದ ಎರಡು ಬ್ರೇಕ್ ಶೂ ಬಂದವು. ಒಂದರ ಮೇಲೆ ಚಕ್ರವನ್ನು ಉಜ್ಜಿ ಹಿಡಿಯುವ ಪಟ್ಟಿ ಪೂರ್ತಿ ಕಿತ್ತುಬಂದಿತ್ತು. ಇನ್ನೊಂದರಲ್ಲಿ ಅರದಿಂದ ಉಜ್ಜಿದ ಗೆರೆಗಳು. ಹೊಸದಲ್ಲ ಅಂತ ಹೇಳಲು ಮೆಕ್ಯಾನಿಕ್ಕೇ ಬೇಕಾಗಿರಲಿಲ್ಲ.

ಅರ್ತೆಮಿಯೋ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಬೇರೆ ಗಾಡಿಯಿಂದ ತೆಗೆದಿದ್ದು," ಅಂದ ಕೊನೆಗೆ. "ಚೆನ್ನಾಗಿತ್ತು, ಪಟ್ಟಿ ದಪ್ಪಗಿತ್ತು. ಉಜ್ಜಿ ಹಾಕ್ದೆ. ಫೆಲಿಸಾ ಕಷ್ಟದಲ್ಲಿದ್ದಾಳೆ, ಹೊಸದರ ಖರ್ಚು ಯಾಕೆ ಅಂತ. ಹಳೇದು ಹಾಕಿದೀನಿ ಅಂತ ಅವಳಿಗೆ ಹೇಗೆ ಹೇಳ್ಲಿ? ಅವಮಾನ ಆಗಲ್ವಾ? ಒಳ್ಳೇದೇ ಮಾಡಿದೆ ಅನ್ಕೊಂಡಿದ್ದೆ."

"ಅದು ನನಗೂ ಗೊತ್ತು," ಅಂದಳು ಫೆಲಿಸಾ. "ನನಗೆ ಅವಮಾನ ಆಗುತ್ತೆ ಅಂತ ನೀವು ಹೇಳ್ಲಿಲ್ಲ. ನಿಮಗೆ ಅವಮಾನ ಆಗುತ್ತೆ ಅಂತ ನಾನು ಕೇಳ್ಲಿಲ್ಲ. ನಮ್ಮಿಬ್ಬರ ಈ ಮರ್ಯಾದೆ ಮಧ್ಯೆ ಆರು ಮಕ್ಕಳು ಕೂತಿದ್ವು, ಕುಂಪಾರೆ."

ಅರ್ತೆಮಿಯೋ ತಲೆ ತಗ್ಗಿಸಿದ. ಸಿಮಿಯೋನಾ ಕತ್ತಿಗೆ ಸುತ್ತಿಕೊಂಡ ಟವೆಲ್ಲಿನಿಂದ ಕಣ್ಣೊರೆಸಿಕೊಂಡಳು.

"ಏನು ಬೇಕಮ್ಮ ನಿನಗೆ?" ಕ್ಲೆತೊ ಕೇಳಿದ.

"ದಂಡ ಬೇಡ, ಕ್ಷಮೆ ಕೇಳೋದೂ ಬೇಡ. ಹೊಸ ಜೋಡಿ ನನ್ನ ಕಣ್ಣೆದುರಿಗೆ ಹಾಕ್ಲಿ. ಬಿಚ್ಚಿದ್ದು ನನ್ನ ಕೈಗೆ ಕೊಡ್ಲಿ. ಏನು ಮಾಡಿದ್ರು ಅಂತ ಒಂದು ಚೀಟೀಲಿ ಬರೀಲಿ. ನನಗೆ ಮಾತ್ರ ಅಲ್ಲ, ಗ್ಯಾರೇಜಿಗೆ ಬರೋರಿಗೆಲ್ಲ. ಆಮೇಲೆ ಇನ್ನೊಂದು. ಚರ್ಚಿನ ಇಳಿಜಾರಲ್ಲಿ ಪರೀಕ್ಷೆ ಆಗ್ಬೇಕು. ಗಾಡಿ ನಾನು ಓಡಿಸ್ತೀನಿ. ಜೋಯ್ಲಿನ್ ಕೂರೋ ಜಾಗದಲ್ಲಿ ನೀವು ಕೂರ್ಬೇಕು, ಕುಂಪಾರೆ."

ಕ್ಲೆತೊ ಎಲ್ಲವನ್ನೂ ಬರೆಸಿದ. ಇಬ್ಬರೂ ಸಹಿ ಹಾಕಿದರು. ಅರ್ತೆಮಿಯೋ ಅಲ್ಲೇ ಅಂಗಳದಲ್ಲಿ ಹೊಸ ಪೊಟ್ಟಣ ಒಡೆದು ಜೋಡಿ ಹಾಕಿದ.

ಇಳಿಜಾರಿನ ಮೇಲ್ತುದಿಯಲ್ಲಿ ಅವನು ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ. ಅಷ್ಟು ವರ್ಷ ಗಾಡಿ ರಿಪೇರಿ ಮಾಡಿದವನು ಅಲ್ಲಿ ಕೂತು ಯಾವತ್ತೂ ನೋಡಿರಲಿಲ್ಲ. ಅಲ್ಲಿಂದ ಸಂತೆಯ ಜನ ನೇರ ಎದುರಿಗೆ ಕಾಣುತ್ತಾರೆ, ಹಿಡಿದುಕೊಳ್ಳಲು ಒಂದು ತೆಳು ಕಂಬಿ ಬಿಟ್ಟರೆ ಏನೂ ಇಲ್ಲ. ಗಾಡಿ ಹೊರಟಿತು. ವೇಗ ಏರಿತು. ಅವನು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.

ಫೆಲಿಸಾ ಬ್ರೇಕ್ ತುಳಿದಳು. ಸಿಪ್ಪೆ ರಾಶಿಗೆ ಎಷ್ಟೋ ಮೊದಲೇ ಗಾಡಿ ಗಕ್ಕನೆ ನಿಂತಿತು.

ಅರ್ತೆಮಿಯೋ ಇಳಿಯಲಿಲ್ಲ. "ಇನ್ನೊಂದ್ಸಲ ಹೋಗೋಣ ತಂಗಿ. ಈ ಸಲ ಮಳೆಯಲ್ಲಿ ಓಡಿಸೋ ಹಾಗೆ ಓಡ್ಸು," ಅಂದ.

ಸೋಮವಾರ ಆರು ಮಕ್ಕಳೂ ಗಾಡಿ ಹತ್ತಿದರು. ಈಗ ಗ್ಯಾರೇಜಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇದೆ, ಬಿಚ್ಚಿದ ಸಾಮಾನೆಲ್ಲ ಗಾಡಿಯವರ ಹೆಸರು ಬರೆದು ಅರ್ತೆಮಿಯೋ ಅದರಲ್ಲಿ ಇಡುತ್ತಾನೆ. ಅತ್ತೆ ಸಿಮಿಯೋನಾಳ ಕಥೆ ಕೇಳಬೇಡಿ. ಮೊನ್ನೆ ಫ್ಯಾನ್ ರಿಪೇರಿಗೆ ಕೊಟ್ಟು, "ಹಳೇ ವೈರ್ ಎಲ್ಲಪ್ಪಾ? ಕೊಡು ಇಲ್ಲಿ," ಅಂತ ಅಂಗಡಿಯವನನ್ನು ಅರ್ಧ ಗಂಟೆ ನಿಲ್ಲಿಸಿದಳಂತೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮೆಕ್ಯಾನಿಕ್ ನಿಮಗೆ ಅಣ್ಣನೋ, ಮಾವನೋ, ಗೆಳೆಯನೋ ಇರಬಹುದು, ಇರಲಿ. ಆದರೂ ಏನು ಮಾಡಬೇಕು, ಏನು ಮಾಡಿದ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಭಾಗ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದೇ. ಅವನನ್ನೂ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡಿ. ಕೆಲಸ ಕೆಟ್ಟರೆ ಗಾಡಿಗೆ ಬೇರೆಯವರ ಕೈ ಹಾಕಿಸದೆ, ಕೂಗಾಡದೆ, ನ್ಯಾಯ ಹೇಳುವವರ ಮುಂದೆ ಎದುರುಬದುರು ಕೂತು ಮಾತಾಡಿ. ಕೇಳಲು ನಾಚಿಕೆ ಅನ್ನಿಸಿದರೆ, ನಿಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಅಂತ ಒಮ್ಮೆ ತಿರುಗಿ ನೋಡಿ. ಆಮೇಲೆ ಕೇಳಿ.