ಬುಧವಾರದ ಹಿಡಿ

ಧನ್ಯಶ್ರೀಯ ಸರದಿ ಬಂದಿತು. ಶಾಲೆಯ ಕಿಟಕಿಯ ಹೊರಗೆ ಜಗಲಿಯ ಮೇಲೆ ಕೂತಿದ್ದ ಚಿಕ್ಕಗೌರಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟಳು. ಒಳಗೆ ಬೆಂಚು ಸರಿದ ಸದ್ದು, ಆಮೇಲೆ ಬರಿಗಾಲಿನ ಸಣ್ಣ ಹೆಜ್ಜೆ. ಮೊಮ್ಮಗಳು ತೆಂಗಿನ ಚಿಪ್ಪಿನಲ್ಲಿದ್ದ ರಾಗಿಯನ್ನು ಮೊರಕ್ಕೆ ಸುರಿದದ್ದು ಸರ್ರೆಂದು ಕೇಳಿಸಿತು.

"ನಮ್ಮಮ್ಮ ನೇತ್ರಾವತಿ," ಎಂದಳು ಹುಡುಗಿ.

"ದೇವರೇ, ನೇತ್ರಾವತಿಯನ್ನು ನೆನೆಸಿಕೋ," ಎಂದು ಮಕ್ಕಳೆಲ್ಲ ಒಟ್ಟಿಗೆ ಹೇಳಿದರು.

ಅಷ್ಟೇ. ಮುಂದಿನ ಮಗು ಎದ್ದಿತು. ಚಿಕ್ಕಗೌರಮ್ಮ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಳು. ಮೊಮ್ಮಗಳನ್ನು ಬಿಟ್ಟು ಹೋಗಲೆಂದು ಬಂದವಳು ಬುಧವಾರಗಳಲ್ಲಿ ಮಾತ್ರ ಮಂಡಿ ನೋವಿನ ನೆಪ ಹೇಳಿ ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು. ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳುವುದು ಅವಳಿಗೆ ಕೇಳಿಸುತ್ತಿದ್ದುದು ಅಲ್ಲಿ ಮಾತ್ರ.

ಹಾಲ್ಕುರಿಕೆ ದಾರಿಯ ಆ ಲೂಥರನ್ ಶಾಲೆ ದೊಡ್ಡದೇನಲ್ಲ. ಹಂಚಿನ ಎರಡು ಕೋಣೆ, ಪಕ್ಕದಲ್ಲಿ ಅಷ್ಟೇ ಸಣ್ಣ ಚರ್ಚು, ನಡುವೆ ಒಂದು ಹೊಂಗೆ ಮರ. ಐದನೇ ಕ್ಲಾಸಿನವರೆಗೆ ಓದು. ಭಾನುವಾರ ಚರ್ಚಿಗೆ ಬರುವ ಮನೆಗಳು ಬೆರಳೆಣಿಕೆಯಷ್ಟು. ಶಾಲೆಗೆ ಬರುವವರು ಸುತ್ತಲಿನ ತೋಟದ ಮನೆಗಳ ಮಕ್ಕಳು, ರಸ್ತೆ ಬದಿಯ ಟೈಲರ್ ಗೌಸ್ ಪೀರ್‌ನ ಮಗಳು ಫರ್ಹಾಳಂಥವರು. ಕೃಪಾವತಿ ಮಿಸ್ ಅಲ್ಲಿಗೆ ಬಂದಾಗ ಕೂದಲು ಕಪ್ಪಗಿತ್ತು. ಈಗ ಹೊಂಗೆ ಹೂವಿನ ಹಾಗೆ ಬಿಳಿ ಬೆರೆತಿದೆ.

ವಾರ ಅಲ್ಲಿ ತನ್ನದೇ ದಾರಿಯಲ್ಲಿ ಸಾಗುತ್ತಿತ್ತು. ಸೋಮವಾರ ಉಗುರು ನೋಡಿ ಮಗ್ಗಿ ಒಪ್ಪಿಸಿಕೊಳ್ಳುವುದು. ಮಂಗಳವಾರ ಹಿತ್ತಲಿನ ಬದನೆ ಪಾತಿಗೆ ನೀರು ಹೊಯ್ದು ಗಿಡದ ಎತ್ತರ ಅಳೆಯಬೇಕು, ಆವತ್ತಿನ ಲೆಕ್ಕದ ಪಾಠವೇ ಅದು. ಗುರುವಾರ ಹಾಡು, ಶುಕ್ರವಾರ ಉಕ್ತಲೇಖನ. ಶನಿವಾರ ಅರ್ಧ ದಿನ ಬೆಂಚುಗಳನ್ನೆಲ್ಲ ಬಿಸಿಲಿಗೆಳೆದು ಕೋಣೆ ತೊಳೆಯುವ ಗಲಾಟೆ. ಬುಧವಾರ ಮಾತ್ರ ಬೇರೆ. ಆವತ್ತು ಪ್ರತಿ ಮಗುವೂ ಮನೆಯಿಂದ ಒಂದು ಚಿಪ್ಪಿನಲ್ಲಿ ಹಿಡಿ ಧಾನ್ಯ ತರಬೇಕು. ಮೊರಕ್ಕೆ ಸುರಿದು ಒಂದು ಹೆಸರು ಹೇಳಬೇಕು. ಬದುಕಿರುವ ಯಾರ ಹೆಸರಾದರೂ ಆದೀತು. ಮಕ್ಕಳೆಲ್ಲ ಆ ಹೆಸರಿಗಾಗಿ ದೇವರನ್ನು ಕೇಳಿಕೊಳ್ಳುತ್ತಾರೆ. ಕೂಡಿದ ಧಾನ್ಯ ಶನಿವಾರ ಊರಿನಲ್ಲಿ ಒಲೆ ಹಚ್ಚಲಾಗದ ಮನೆಗೆ ಹೋಗುತ್ತದೆ. ಫರ್ಹಾ ತನ್ನ ಅಬ್ಬಾನ ಬೆನ್ನು ನೋವಿಗೆ ಹೇಳುತ್ತಿದ್ದಳು. ನೆರೆಮನೆಯ ದುರ್ಗಯ್ಯನ ಮೊಮ್ಮಗ ತಿಲಕ್ ಗಬ್ಬದ ಎಮ್ಮೆಯ ಹೆಸರನ್ನು ಬಿಡದೆ ಹೇಳಿ, ಅದು ಈದ ಮೇಲೆ ಅಜ್ಜನ ಹೆಸರಿಗೆ ಬಂದಿದ್ದ.

ಧನ್ಯಶ್ರೀ ಮಾತ್ರ ಬದಲಾಯಿಸಲಿಲ್ಲ.

ಅವಳಪ್ಪ ರಂಗನಾಥ್ ತೋಟದ ಮೋಟರಿನ ಕರೆಂಟು ಹೊಡೆದು ತೀರಿಹೋದಾಗ ಅವಳಿನ್ನೂ ತೊಡೆಯ ಮೇಲಿನ ಕೂಸು. ನೇತ್ರಾವತಿ ಅತ್ತೆಮನೆಯಲ್ಲೇ ಉಳಿದಳು. ಕೊಬ್ಬರಿ ಸುಲಿದಳು, ಹಸು ಕರೆದಳು, ಸಂಜೆ ಅತ್ತೆಯ ಮಂಡಿಗೆ ಹರಳೆಣ್ಣೆ ತಿಕ್ಕಿದಳು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಬೋರನಕಣಿವೆ ಕಡೆಯ ಒಬ್ಬ ಪಂಪು ರಿಪೇರಿಯವನು ಅವಳನ್ನು ಮದುವೆಗೆ ಕೇಳಿಕೊಂಡು ಬಂದ. ಅವಳು ಒಪ್ಪಿದಳು. ಮಾವ ದೊಡ್ಡಣ್ಣ ಕೂಗಾಡಲಿಲ್ಲ. "ಹೋಗು. ಕೂಸು ನನ್ ಮಗಂದು, ಇಲ್ಲೇ ಇರ್ತದೆ. ಹೋದ್ಮೇಲೆ ಈ ಹೊಸ್ಲು ತುಳೀಬ್ಯಾಡ," ಎಂದಷ್ಟೇ ಹೇಳಿದ. ಆಮೇಲೆ ಆ ಮನೆಯಲ್ಲಿ ಅವಳ ಹೆಸರು ನಿಂತುಹೋಯಿತು. ಚಿಕ್ಕಗೌರಮ್ಮನೂ ಹೇಳಲಿಲ್ಲ. ಬುಧವಾರ ಬೆಳಿಗ್ಗೆ ಕಾಳು ತುಂಬಿಡುವ ವಾಡೆಯಿಂದ ರಾಗಿ ಹಿಡಿಯುವಾಗ ಮಾತ್ರ ಮೊಮ್ಮಗಳು ಅವಳ ಮುಖ ನೋಡುತ್ತಿದ್ದಳು, ಅವಳು ಮೊಮ್ಮಗಳ ಮುಖ ನೋಡುತ್ತಿದ್ದಳು.

ಆ ಮಧ್ಯಾಹ್ನ ಅಂಗಳದಲ್ಲಿ ಕೊಬ್ಬರಿ ಸುಲಿಯುವ ಕೆಲಸ. ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಈ ಕಡೆ ದೊಡ್ಡಣ್ಣ, ಆ ಕಡೆ ದುರ್ಗಯ್ಯ. ಚಿಕ್ಕಗೌರಮ್ಮ ಕಾಫಿ ಲೋಟ ಹಿಡಿದು ಬರುವುದಕ್ಕೂ ದುರ್ಗಯ್ಯ ಬಾಯಿ ತೆಗೆಯುವುದಕ್ಕೂ ಸರಿಹೋಯಿತು.

"ಅಲ್ಲ ಕಣ್ಲಾ ದೊಡ್ಡಣ್ಣ, ಕೈಗೆ ಚಿಪ್ಪು ಕೊಟ್ಟೋದೋಳಿಗೆ ನೀನು ಚಿಪ್ಪಲ್ಲೇ ರಾಗಿ ಕಳಿಸ್ತೀಯಂತಲ್ಲ! ಭಾರಿ ದೊಡ್ಡ ಮನಸು ಬುಡು ನಿಂದು."

"ಯಾವಳಿಗ್ಲಾ?"

"ಇನ್ಯಾವಳಿಗೆ, ನಿನ್ ಸೊಸೆಗೆ. ಬುಧವಾರ ಬುಧವಾರ ಇಸ್ಕೂಲಲ್ಲಿ ಅವಳ ಹೆಸ್ರು ಹಿಡಿದು ಹುಡುಗ್ರೆಲ್ಲ ದೇವರ್ನ ಕೇಳ್ತವಂತೆ. ನಮ್ ತಿಲಕ ಹೇಳ್ದ. ನನ್ ಹೆಸ್ರೂ ಹೇಳ್ತನಂತೆ ಕಣಪ್ಪ, ಎಮ್ಮೆ ಆದ್ಮೇಲೆ ನಾನು!"

ದುರ್ಗಯ್ಯ ತನ್ನ ಮಾತಿಗೆ ತಾನೇ ನಕ್ಕ. ದೊಡ್ಡಣ್ಣ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ರಾಶಿಗೆ ವಾಪಸು ಹಾಕಿದ.

ಸಂಜೆ ಕೈಕಾಲು ತೊಳೆದು ಬಂದವನು ಕೇಳಿದ, "ರಾಗಿ ಯಾರು ಕೊಡ್ತಿದ್ದುದು?"

"ನಾನೇ."

"ಯಾರ ಹೆಸ್ರಿಗೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ದೊಡ್ಡಣ್ಣ ಕಂಬಕ್ಕೆ ಒರಗಿ ಕೂತ. "ನನ್ ಮಗ ಮಣ್ಣಾಗವ್ನೆ. ಅವನ ಹೆಸ್ರು ಹೇಳೋರು ಒಬ್ರಿಲ್ಲ. ಬುಟ್ಟೋದೋಳ ಹೆಸ್ರು ಊರೆಲ್ಲ ಹೇಳ್ಬೇಕಾ?"

"ಕೂಸು ಕಣ್ರೀ ಅದು. ಅವರಮ್ಮನ್ನ ಕೇಳ್ತದೆ, ಇನ್ಯಾರ್ನ ಕೇಳ್ತದೆ?"

"ಹೇಳೋದಾದ್ರೆ ಅವರಪ್ಪನ ಹೆಸ್ರು ಹೇಳ್ಲಿ. ಇಲ್ಲಾಂದ್ರೆ ಆ ಇಸ್ಕೂಲೇ ಬ್ಯಾಡ. ತಿಪಟೂರಿಂದ ವ್ಯಾನ್ ಬತ್ತದೆ, ಅದ್ರಲ್ಲಿ ಹೋಗ್ಲಿ. ಬರೋ ಬುಧವಾರ ನಾನೇ ಬಂದು ಕೇಳ್ತೀನಿ."

ಬಾಗಿಲ ಹಿಂದೆ ಗೆಜ್ಜೆ ಸದ್ದಾಯಿತು. ಆಮೇಲೆ ತಲೆ ಬಾಚುವಾಗ ಧನ್ಯಶ್ರೀ ಅಜ್ಜಿಯ ಕಡೆ ತಿರುಗದೆಯೇ ಕೇಳಿದಳು, "ಅಜ್ಜಿ, ನಾನು ಅಪ್ಪನ ಹೆಸ್ರು ಹೇಳಿದ್ರೆ ಅಮ್ಮನ ಹೆಸ್ರು ಯಾರು ಹೇಳ್ತಾರೆ?"

"ತಲೆ ಅಲ್ಲಾಡಿಸ್ಬೇಡ ಕಣೇ," ಎಂದಳು ಚಿಕ್ಕಗೌರಮ್ಮ. ಬಾಚಿದ್ದ ಕೂದಲನ್ನೇ ಮತ್ತೆ ಬಿಚ್ಚಿ ಬಾಚಿದಳು.

ಬುಧವಾರ ದೊಡ್ಡಣ್ಣ ಹೇಳಿದಂತೆಯೇ ಬಂದ. ಟಿವಿಎಸ್ ಅನ್ನು ಹೊಂಗೆ ಮರಕ್ಕೆ ಆನಿಸಿ, ಜಗಲಿ ಹತ್ತದೆ ಮರದ ಕೆಳಗೇ ನಿಂತ. ಬೋರನಕಣಿವೆ ಕಡೆಗೆ ಹೋಗುವ ಹುಳಿಯಾರಿನ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆದುಕೊಂಡು ಹೋಯಿತು. ಒಳಗೆ ಸಾಲಿನಲ್ಲಿ ಕೂತಿದ್ದ ಧನ್ಯಶ್ರೀ ಎಂದಿನಂತೆ ಆ ಕಡೆ ನೋಡಿದಳು, ತಾತನನ್ನು ಕಂಡು ಮುಖ ತಿರುಗಿಸಿದಳು.

ಒಂದೊಂದೇ ಹೆಸರು ಬಂದು ಹೋಯಿತು. ಗೌಸ್ ಪೀರ್. ದುರ್ಗಯ್ಯ. ಯಾರದೋ ಸೋದರತ್ತೆ. ಆಮೇಲೆ ರಾಗಿ ಸುರಿದ ಸದ್ದು.

"ನಮ್ಮಪ್ಪ ರಂಗನಾಥ್."

ಮಕ್ಕಳು ಬಾಯಿ ತೆಗೆದು ಹಾಗೇ ಉಳಿದರು. ಫರ್ಹಾ ಪಿಸುಗುಟ್ಟಿದ್ದು ಜಗಲಿಗೂ ಕೇಳಿಸಿತು: "ನಿಮ್ಮಪ್ಪ ಸತ್ತೋಗಿದಾರಲ್ಲೇ."

"ನಮ್ ತಾತ ಹೇಳು ಅಂತು," ಎಂದಳು ಧನ್ಯಶ್ರೀ.

ಕೃಪಾವತಿ ಮಿಸ್ ಎದ್ದು ಬಾಗಿಲಿಗೆ ಬಂದರು. ಜಗಲಿಯ ಮೇಲಿನ ಚಿಕ್ಕಗೌರಮ್ಮನನ್ನೂ ಮರದ ಕೆಳಗಿನ ದೊಡ್ಡಣ್ಣನನ್ನೂ ನೋಡಿದರು. ಅವರಿಗೆ ಅರ್ಥವಾಗದ್ದೇನೂ ಉಳಿದಂತೆ ಕಾಣಲಿಲ್ಲ.

"ಹೋದವರನ್ನ ನೆನೆಸಿಕೋ ಅಂತ ನಾವು ದೇವರಿಗೆ ಹೇಳಲ್ಲ ಯಜಮಾನ್ರೇ. ಅವರು ಆಗಲೇ ಅವನ ಹತ್ರ ಇದ್ದಾರೆ ಅಂತ ನಮ್ಮ ನಂಬಿಕೆ."

ದೊಡ್ಡಣ್ಣ ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದ. ತಲೆಗೆ ಸುತ್ತಿದ್ದ ಟವೆಲ್ಲನ್ನು ಅದಕ್ಕಾಗಿಯೇ ಬಿಗಿದುಕೊಂಡಿದ್ದ. ಆದರೆ ಬಾಯಿಂದ ಬಂದ ಮಾತು ಬೇರೆ.

"ಹಂಗಾರೆ ನನ್ ಮಗನ ಹೆಸ್ರು ನಾನೆಲ್ಲಿ ಹೇಳ್ಲಿ ಮೇಡಮ್ಮೋರೇ?"

ದಾರಿ ತಪ್ಪಿದವನು ಬಸ್‌ಸ್ಟ್ಯಾಂಡು ಎಲ್ಲಿ ಎಂದು ಕೇಳಿದ ಹಾಗಿತ್ತು. ಇಷ್ಟು ವರ್ಷದ ಬಾಳುವೆಯಲ್ಲಿ ಚಿಕ್ಕಗೌರಮ್ಮ ಆ ದನಿ ಕೇಳಿರಲಿಲ್ಲ. ಮಗನ ಮಣ್ಣು ಮಾಡಿ ಬಂದ ದಿನವೂ ಅವನು ಹಸುಗಳಿಗೆ ನೀರು ತೋರಿಸಿದಿರಾ ಎಂದು ಕೇಳಿದ್ದ, ಅಷ್ಟೇ.

"ಇಲ್ಲೇ ಹೇಳೋಣ," ಎಂದರು ಮಿಸ್. "ಕೇಳಿಕೊಳ್ಳೋದು ಬೇಡ. ಮಗನನ್ನ ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ, ಅಂದರೆ ವಂದನೆ, ಅನ್ನೋಣ, ಅದು ತಪ್ಪಲ್ಲ." ಒಳಗೆ ತಿರುಗಿದರು. "ಧನ್ಯಾ, ನಿಮ್ಮಪ್ಪ ಹೇಗಿದ್ರು? ಅವರದ್ದು ಏನಾದರೂ ಒಂದು ಹೇಳಮ್ಮ. ಅದಕ್ಕೆ ಎಲ್ಲರೂ ಸ್ತೋತ್ರ ಹೇಳ್ತೀವಿ."

ಹುಡುಗಿ ಖಾಲಿ ಚಿಪ್ಪಿನೊಳಗೆ ನೋಡಿದಳು. "ನಂಗೊತ್ತಿಲ್ಲ ಮಿಸ್. ನಾನಾಗ ಪಾಪು. ಅಮ್ಮಂಗೆ ಗೊತ್ತು."

ಹೇಳಿಬಿಟ್ಟು ಗಕ್ಕನೆ ಬಾಯಿ ಮುಚ್ಚಿಕೊಂಡಳು. ಕಿಟಕಿಯಾಚೆ ತಾತನ ಕಡೆ ನೋಡಿದಳು. ಚಿಕ್ಕಗೌರಮ್ಮನಿಗೆ ಎದ್ದು ಮಗುವನ್ನು ಎತ್ತಿಕೊಂಡು ಹೋಗಿಬಿಡೋಣ ಎನ್ನಿಸಿತು. ಮಂಡಿ ಏಳಲಿಲ್ಲ.

"ಏನ್ ಗೊತ್ತಂತೆ ಅವಳಿಗೆ?" ದೊಡ್ಡಣ್ಣ ಮರ ಬಿಟ್ಟು ಕಿಟಕಿಯ ಹತ್ತಿರ ಬಂದಿದ್ದ. ಸರಳು ಹಿಡಿದುಕೊಂಡ. "ಹೇಳವ್ವ. ಬೈಯಾಕಿಲ್ಲ, ಹೇಳು."

ಧನ್ಯಶ್ರೀ ಮಿಸ್ಸಿನ ಮುಖ ನೋಡಿ ಶುರುಮಾಡಿದಳು. "ಅಮ್ಮ ಮಲಗಿಸ್ವಾಗ ಹೇಳ್ತಿತ್ತು. ನಾನು ಪಾಪು ಇದ್ದಾಗ ತುಂಬ ಅಳ್ತಿದ್ನಂತೆ. ಯಾರು ಎತ್ಕೊಂಡ್ರೂ ಸುಮ್ಮನಾಗ್ತಿರ್ಲಿಲ್ವಂತೆ. ಆಗ ಅಪ್ಪ ಅಟ್ಟ ಹತ್ತಿ, ಒಣಗಿದ ಕಾಯಿ ತಂದು ನನ್ ಕಿವಿ ಹತ್ರ ಅಲ್ಲಾಡಿಸ್ತಿತ್ತಂತೆ. ಒಳಗೆ ಕೊಬ್ಬರಿ ಲೊಟಲೊಟ ಅಂದ್ರೆ ನಾನು ನಗ್ತಿದ್ನಂತೆ. ಒಂದು ಕಾಯಿ ಸದ್ದು ಹಳೇದಾದ್ರೆ ಇನ್ನೊಂದು ತತ್ತಿತ್ತಂತೆ. ತಾತ ಕಾಯಿ ಎಲ್ಲ ಯಾಕ್ಲಾ ಕೆಳಗಿಳಿಸಿದ್ದೀಯ ಅಂತ ಬೈತಿತ್ತಂತೆ."

ಮಕ್ಕಳು ನಕ್ಕರು. ದೊಡ್ಡಣ್ಣನ ಕೈ ಸರಳಿನ ಮೇಲೆಯೇ ಇತ್ತು.

"ಬೈತಿದ್ದೆ," ಎಂದ ಅವನು. ಯಾರಿಗೆ ಹೇಳಿದನೋ. "ಯಾಕಂತ ಕೇಳ್ದ್ರೆ ಹೇಳ್ತಿರ್ಲಿಲ್ಲ ನನ್ ಮಗ."

"ದೇವರೇ, ರಂಗನಾಥನನ್ನು ಕೊಟ್ಟಿದ್ದಕ್ಕೆ ಸ್ತೋತ್ರ," ಎಂದು ಮಿಸ್ ಹೇಳಿಕೊಟ್ಟರು. ರೂಢಿಯಿಲ್ಲದ ಮಾತಾದ್ದರಿಂದ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಎಡವಿ ಹೇಳಿದರು. ಅದು ಮುಗಿಯುವಷ್ಟರಲ್ಲಿ ದೊಡ್ಡಣ್ಣ ಗಾಡಿಯ ಹತ್ತಿರ ಹೋಗಿ, ಟವೆಲ್ ಬಿಚ್ಚಿ, ಧೂಳಿಲ್ಲದ ಸೀಟನ್ನು ಒರೆಸುತ್ತ ನಿಂತಿದ್ದ.

ಸಂಜೆ ಊಟಕ್ಕೆ ಕೂತಾಗ ಅವನು ಮುದ್ದೆ ಮುರಿಯುತ್ತ ಕೇಳಿದ, "ಇನ್ನೇನ್ ಹೇಳ್ತಿತ್ತು ನಿಮ್ಮಮ್ಮ?"

"ಅಷ್ಟೇ ತಾತ. ಇನ್ನೂ ಐತೆ, ದೊಡ್ಡೋಳಾದ್ಮೇಲೆ ಹೇಳ್ತೀನಿ ಅಂದಿತ್ತು."

ದೊಡ್ಡಣ್ಣ ಕೈ ತೊಳೆದು ಏಣಿ ಇಟ್ಟು ಅಟ್ಟ ಹತ್ತಿದ. ಇಲಿ ಬಂದಿರಬೇಕು, ನೋಡಲು ಹೋದನೇನೋ ಎಂದುಕೊಂಡಳು ಚಿಕ್ಕಗೌರಮ್ಮ. ಮೇಲಿಂದ ಒಂದು ಕಾಯಿ ಅಲ್ಲಾಡಿಸಿದ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಬಹಳ ಹೊತ್ತು ಅವನು ಇಳಿಯಲಿಲ್ಲ. ಅವಳು ಹರಳೆಣ್ಣೆ ಬಟ್ಟಲು ಎಳೆದುಕೊಂಡು ತನ್ನ ಮಂಡಿಗೆ ತಾನೇ ತಿಕ್ಕುತ್ತ ಕೂತಳು.

ಸೋಮವಾರ ಧನ್ಯಶ್ರೀ ಹದಿಮೂರರ ಮಗ್ಗಿಯಲ್ಲಿ ಎಡವಿದಳು. ಮಂಗಳವಾರ ಬದನೆ ಗಿಡದಲ್ಲಿ ಹೂ ಬಿಟ್ಟಿದೆ ಎಂದು ಬಂದು ಹೇಳಿದಳು. ಮಲಗುವ ಮುಂಚೆ, "ನಾಳೆ ಯಾರ ಹೆಸ್ರು ಅಜ್ಜಿ?" ಎಂದಳು.

"ಮಲ್ಕೋ," ಎಂದಳು ಚಿಕ್ಕಗೌರಮ್ಮ. ಅವಳಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಗೂಡಿನಲ್ಲಿ ಚಿಪ್ಪು ಇರಲಿಲ್ಲ. ಹೊರಗೆ ಜಗಲಿಯ ಅಂಚಿನಲ್ಲಿತ್ತು. ತುಂಬಿ, ತುದಿಯಲ್ಲಿ ಗೋಪುರವಾಗಿ ರಾಗಿ ನಿಂತಿತ್ತು. ಚಿಕ್ಕಗೌರಮ್ಮ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. ಅವಳ ಹಿಡಿಗೆ ಅಷ್ಟು ಬರುವುದಿಲ್ಲ.

ದೊಡ್ಡಣ್ಣ ಅಂಗಳದಲ್ಲಿ ಟಿವಿಎಸ್ ಹಿಡಿದು ನಿಂತಿದ್ದ. "ಹೊತ್ತಾಯ್ತದೆ, ನಡೀರಿ," ಎಂದ, ಈ ಕಡೆ ತಿರುಗದೆ.

ಧನ್ಯಶ್ರೀ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿದಳು. ಒಂದು ಕಾಳು ಜಾರಿ ಜಗಲಿಗೆ ಬಿತ್ತು. ಬಗ್ಗಿದರೆ ಉಳಿದದ್ದೂ ಚೆಲ್ಲುತ್ತದೆ ಎಂದು ಹಾಗೇ ನಿಂತಳು. ಆಮೇಲೆ ಉಸಿರು ಬಿಗಿಹಿಡಿದು, ಗರಿಯ ನೆರಳು ಬಿದ್ದ ತೋಟದ ದಾರಿಗೆ ಇಳಿದಳು. ಬೇರು ಎದ್ದ ಕಡೆ ನಿಂತು ಕಾಲಲ್ಲೇ ತಡಕಿ ಮುಂದಿನ ಹೆಜ್ಜೆ ಇಟ್ಟಳು. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ದೊಡ್ಡಣ್ಣ ಗಾಡಿ ಸ್ಟಾರ್ಟ್ ಮಾಡಲಿಲ್ಲ. ತಳ್ಳಿಕೊಂಡೇ ಅವಳ ಹಿಂದೆ, ಅವಳಷ್ಟೇ ನಿಧಾನವಾಗಿ ನಡೆದ.