ಲಾಯ್ಡ್ ಕೊಟ್ಟ ಮೂವತ್ತು ಅಂಕ

ಬೇಸ್‌ಬಾಲ್ ಕೋಚ್ ಲಾಯ್ಡ್ ಬ್ರಾನಿಗನ್‌ಗೆ ಬೆಳಗಿನಿಂದಲೇ ಮೈ ಉರಿಯುತ್ತಿತ್ತು. ತಂಡದ ಮುಖ್ಯ ಕಚೇರಿಯಿಂದ ಪ್ರೆಸ್ಟನ್ ಹೈಕ್ ಬಂದು ಅವನ ಕುರ್ಚಿಯಲ್ಲೇ ಕೂತಿದ್ದ. ಇನ್ನೂ ಇಪ್ಪತ್ತೇಳು ವರ್ಷ, ಇಸ್ತ್ರಿ ಕೆಡದ ಅಂಗಿ, ತೊಡೆಯ ಮೇಲೊಂದು ಟ್ಯಾಬ್ಲೆಟ್. ಇಂಥವರು ಜುಲೈ ತಿಂಗಳಲ್ಲಿ ಅಯೋವಾದ ಈ ಮೂಲೆಗೆ ಬರುವುದು ಮೆಕ್ಕೆಜೋಳದ ಬೆಳೆ ನೋಡಲಿಕ್ಕಲ್ಲ. ಹೊಸದಾಗಿ ಆರಿಸಿದ ಆಟಗಾರರು ಬರುತ್ತಾರೆ, ಅವರಿಗೆ ಜಾಗ ಬೇಕು, ಅದಕ್ಕಾಗಿ ಇದ್ದವರಲ್ಲಿ ಯಾರನ್ನಾದರೂ ಮನೆಗೆ ಕಳಿಸಬೇಕು. ಈ ಸಲದ ಹೆಸರು ಎಂಡರ್ ಕೊಲ್ಮೆನಾರೆಸ್.

ಎಂಡರ್ ವೆನೆಜುವೆಲಾದವನು, ಇಪ್ಪತ್ತೊಂದರ ಪ್ರಾಯ. ಹತ್ತು ಸಲ ಬ್ಯಾಟು ಹಿಡಿದರೆ ಎರಡು ಸಲವೂ ಅವನಿಗೆ ಹೊಡೆತ ಕೂಡಿಬರುತ್ತಿರಲಿಲ್ಲ, ಇದು ನಿಜ. ಆದರೆ ಲೆಕ್ಕದ ಹಾಳೆಗೆ ಕಿವಿಯಿಲ್ಲ. ಮೂರು ವಾರದಿಂದ ಅವನ ಬ್ಯಾಟಿನ ಸದ್ದೇ ಬೇರೆಯಾಗಿತ್ತು. ಚೆಂಡು ಸಿಡಿದು ಹೋಗಿ ಎದುರಾಳಿಯ ಕೈಗೇ ಬೀಳುತ್ತಿದ್ದರೆ ಅದು ಹಣೆಬರಹವೇ ಹೊರತು ಆಟದ ಕುಂದಲ್ಲ. ಕಳೆದ ವಾರ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಗಾಳಿಗೆ ಬ್ಯಾಟು ಬೀಸಿ ಔಟಾಗಿದ್ದ. ನಾಲ್ಕು ಸಲವೂ ಅದೇ ತಿರುಗುವ ಚೆಂಡಿಗೆ. ಬೇರೆಯವರಾಗಿದ್ದರೆ ಮರುದಿನ ಬೆನ್ನುನೋವು ಅಂತ ಮಲಗುತ್ತಿದ್ದರು. ಇವನು ಎಲ್ಲರಿಗಿಂತ ಮೊದಲೇ ಬಂದು ಅಭ್ಯಾಸದ ಬಲೆಯೊಳಗೆ ನಿಂತು, ನಿನ್ನೆ ಎದುರು ತಂಡದವನು ಎಸೆದ ಚೆಂಡನ್ನೇ ಎಸೆಯಿರಿ ಕೋಚ್, ಬೇರೆ ಬೇಡ ಎಂದಿದ್ದ. ಅರವತ್ತೆರಡರ ಲಾಯ್ಡ್ ಭುಜ ಹಿಡಿದುಕೊಳ್ಳುವವರೆಗೂ ಎಸೆದಿದ್ದ.

ಇಂಥವನಿಗೆ ಆತ್ಮವಿಶ್ವಾಸ ಇಲ್ಲವಂತೆ. ಪ್ರೆಸ್ಟನ್ ಟ್ಯಾಬ್ಲೆಟ್ ನೋಡಿಕೊಂಡು ಹವಾಮಾನ ವರದಿ ಓದುವಷ್ಟೇ ತಣ್ಣಗೆ ಅದನ್ನು ಹೇಳಿದ. ಈ ಆಟದಲ್ಲಿ ಓಟ, ಎಸೆತ, ಹೊಡೆತ ಎಲ್ಲಕ್ಕೂ ಇಪ್ಪತ್ತರಿಂದ ಎಂಬತ್ತರವರೆಗೆ ಅಂಕ. ಐವತ್ತು ಅಂದರೆ ಸಾಧಾರಣ. ಈಚೆಗೆ ಆತ್ಮವಿಶ್ವಾಸಕ್ಕೂ ಒಂದು ಅಂಕಣ ಮಾಡಿದ್ದರು. ಎಂಡರ್‌ಗೆ ಅದರಲ್ಲಿ ಮೂವತ್ತು ಬಿದ್ದಿತ್ತು.

ಲಾಯ್ಡ್‌ನ ತಾಳ್ಮೆಯ ಕಟ್ಟೆಯೊಡೆಯಿತು. ಹತ್ತೊಂಬತ್ತು ವರ್ಷ ಈ ಕೆಳದರ್ಜೆ ಲೀಗಿನ ಬಸ್ಸುಗಳಲ್ಲಿ ಸೊಂಟ ಮುರಿದುಕೊಂಡಿದ್ದೇನೆ, ಹುಡುಗರ ಎದೆಯೊಳಗೆ ಏನಿದೆ ಅಂತ ತಂಪು ಕೋಣೆಯಲ್ಲಿ ಕೂತವರು ನನಗೆ ಹೇಳಿಕೊಡಬೇಕಾ ಎಂದು ಕೂಗಾಡಿದ.

"ಆ ಹುಡುಗನ್ನ ಒಂದು ದಿನವಾದ್ರೂ ಕಣ್ಣಾರೆ ನೋಡಿದ್ದಾನಾ ಅದನ್ನ ಬರೆದೋನು? ಯಾವ ಮುಠ್ಠಾಳ ಅಂತ ಹೇಳು, ನಾನೇ ಫೋನ್ ಮಾಡಿ ಮಾತಾಡ್ತೀನಿ."

ಪ್ರೆಸ್ಟನ್ ಟ್ಯಾಬ್ಲೆಟ್ ತಿರುಗಿಸಿ ಹಿಡಿದ. ಮೇ ಒಂಬತ್ತು. 'ತನ್ನ ಮೇಲೆ ತನಗೇ ನಂಬಿಕೆ ಇಲ್ಲದವನು.' ಕೆಳಗೆ ಬರೆದವರ ಹೆಸರು, ಲಾಯ್ಡ್ ಬ್ರಾನಿಗನ್.

ಲಾಯ್ಡ್‌ಗೆ ನೆನಪಾಯಿತು. ಬರೆದದ್ದಲ್ಲ, ಬರೆಯುವ ಪದ್ಧತಿ. ಮೇ ತಿಂಗಳಲ್ಲಿ ಎಲ್ಲರಿಗೂ ಕಡಿಮೆ ಹಾಕುವುದು, ಆಗಸ್ಟಿನಲ್ಲಿ ಏರಿಸುವುದು. ಹುಡುಗ ಬೆಳೆದ ಅಂತಾಗುತ್ತದೆ, ಬೆಳೆಸಿದ್ದು ಕೋಚ್ ಅಂತಾಗುತ್ತದೆ. ಈ ಲೀಗಿನಲ್ಲಿ ಹಾಗೆ ಮಾಡದ ಕೋಚ್ ಯಾರಿದ್ದಾನೆ? ಅಂದು ಮಧ್ಯಾಹ್ನ ಅವನು ಹ್ಯಾಂಬರ್ಗರ್ ತಿನ್ನುತ್ತಾ ಒಂದೇ ಕೈಯಲ್ಲಿ ಹದಿಮೂರು ಹುಡುಗರ ಹಾಳೆ ತುಂಬಿದ್ದ. ಎಂಡರ್ ತಂಡ ಸೇರಿ ಆಗ ಆರು ದಿನವಾಗಿತ್ತು. ಅವನ ಜೊತೆ ಒಂದು ಮಾತನ್ನೂ ಆಡಿರಲಿಲ್ಲ.

ನಾನು ಇವತ್ತು ಬೆಳಿಗ್ಗೆ ಹೊಸ ಹಾಳೆಯಲ್ಲಿ ಅದಕ್ಕೇ ಅರವತ್ತು ಕೊಟ್ಟು ಕಳಿಸಿದ್ದೇನಲ್ಲ ಎಂದ ಲಾಯ್ಡ್. ಈಗ ಅವನ ದನಿ ಇಳಿದಿತ್ತು.

"ನೋಡಿದೆ. ಆದ್ರೆ ಎರಡನ್ನೂ ಸೇರಿಸಿ ಸರಾಸರಿ ತೆಗೀತಾರೆ ಲಾಯ್ಡ್. ನಲವತ್ತೈದು ಬರುತ್ತೆ. ಐವತ್ತಕ್ಕಿಂತ ಕೆಳಗಿದ್ರೆ ಇಟ್ಕೊಳ್ಳೋ ಹಾಗಿಲ್ಲ." ಪ್ರೆಸ್ಟನ್ ಮೊದಲ ಬಾರಿಗೆ ನಕ್ಕ. "ನಿಮಗೆ ಮಾತ್ರ ಒಳ್ಳೇ ಸುದ್ದಿ. ಎರಡೇ ತಿಂಗಳಲ್ಲಿ ಒಬ್ಬನಿಗೆ ಮೂವತ್ತು ಅಂಕ ಏರಿಸಿದೀರಿ. ಈ ವರ್ಷ ಇಷ್ಟು ಏರಿಸಿದ ಕೋಚ್ ಇನ್ನೊಬ್ಬರಿಲ್ಲ. ಬಡ್ತಿಗೆ ನಿಮ್ಮ ಹೆಸರು ಹೋಗಿದೆ."

ಎಂಥ ನ್ಯಾಯ ನೋಡಿ. ಬೆಳೆದವನಿಗೆ ಗೇಟ್‌ಪಾಸ್, ಸುಳ್ಳು ಬರೆದವನಿಗೆ ಬಡ್ತಿ.

ಲಾಯ್ಡ್ ಒಂದು ಹಾಳೆ ಎಳೆದುಕೊಂಡ. ಮೇ ತಿಂಗಳಲ್ಲಿ ನಾನು ಬರೆದದ್ದು ಸುಳ್ಳು, ಆ ಆಟಗಾರನನ್ನು ಗಮನಿಸದೆಯೇ ಅಂಕ ಹಾಕಿದ್ದೆ ಎಂದು ಬರೆದು ರುಜು ಮಾಡಿದ. ಪ್ರೆಸ್ಟನ್ ಅದನ್ನು ಎರಡೆರಡು ಸಲ ಓದಿದ. ಇದನ್ನು ಮೇಲಕ್ಕೆ ಕಳಿಸಿದರೆ ಹತ್ತೊಂಬತ್ತು ವರ್ಷದ ನಿಮ್ಮ ಹಾಳೆಗಳನ್ನೆಲ್ಲ ಅನುಮಾನದಿಂದ ನೋಡುತ್ತಾರೆ, ಬಡ್ತಿ ಹಾಗಿರಲಿ, ಕೆಲಸವೂ ಉಳಿಯಲಿಕ್ಕಿಲ್ಲ ಎಂದು ಎಚ್ಚರಿಸಿದ. ಲಾಯ್ಡ್‌ಗೆ ತನ್ನ ಮಂಡಿನೋವು, ವಯಸ್ಸು, ಬೇರೆ ಯಾವ ಕೆಲಸವೂ ಬಾರದ ತನ್ನ ಕೈಗಳು ಕಣ್ಣಮುಂದೆ ಬಂದವು. ಒಂದು ಗಳಿಗೆ ಆ ಹಾಳೆಯನ್ನು ವಾಪಸು ಕಿತ್ತುಕೊಳ್ಳಬೇಕೆನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕಳಿಸು" ಎಂದ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಹೆಸರುಗಳು ಅಂತಿಮವಾಗಿವೆ, ಬದಲಾವಣೆ ಇಲ್ಲ. ಬ್ರಾನಿಗನ್ ವಿಷಯ ಆಮೇಲೆ ನೋಡೋಣ.

ಸುದ್ದಿ ಮುಟ್ಟಿಸಬೇಕಾದವನು ತಂಡದ ಮ್ಯಾನೇಜರು. ಲಾಯ್ಡ್ ಅವನನ್ನು ತಡೆದು ತಾನೇ ಹೋದ. ಎಂಡರ್ ಬಲೆಯೊಳಗೆ ಕೈಗವಸು ಬಿಗಿಯುತ್ತಾ ನಿಂತಿದ್ದ. ಲಾಯ್ಡ್ ಸುತ್ತಿಬಳಸಲಿಲ್ಲ. ನಿನ್ನನ್ನು ಬಿಟ್ಟಿದ್ದಾರೆ ಎಂದ. ಮೇ ತಿಂಗಳ ಹಾಳೆ, ಅದರಲ್ಲಿದ್ದ ಸಾಲು, ಅದನ್ನು ಬರೆದವನು ತಾನೇ ಎಂಬುದು, ಯಾಕೆ ಬರೆದೆ ಎಂಬುದು, ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

ಎಂಡರ್ ಕೈಗವಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದ.

"ಮೇನಲ್ಲೂ ನನಗೆ ನನ್ನ ಮೇಲೆ ನಂಬಿಕೆ ಇತ್ತು ಕೋಚ್. ಒಂದ್ ಮಾತು ನನ್ನನ್ನೇ ಕೇಳಬಹುದಿತ್ತಲ್ಲ."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದಿದ್ದ ಮಾತುಗಳು ಲಾಯ್ಡ್‌ಗೇ ಅಗ್ಗ ಅನಿಸಿದವು.

"ನನ್ನ ಇವತ್ತಿನ ಸರದಿ ಇನ್ನೂ ಆಗಿಲ್ಲ" ಎಂದ ಎಂಡರ್. "ಎಸೀರಿ."

ಲಾಯ್ಡ್ ಚೆಂಡಿನ ಬುಟ್ಟಿ ಎಳೆದುಕೊಂಡು, ಎಸೆಯುವವನ ಮುಂದೆ ನಿಲ್ಲಿಸುವ ಜಾಲರಿಯ ಹಿಂದೆ ನಿಂತು ಆ ತಿರುಗುವ ಚೆಂಡನ್ನೇ ಎಸೆದ. ಅದು ಹೋದಷ್ಟೇ ನೇರವಾಗಿ ಹಿಂದಕ್ಕೆ ಬಂದು ಅವನ ಮುಖದ ಮುಂದಿನ ಜಾಲರಿಗೆ ಅಪ್ಪಳಿಸಿತು. ಎರಡನೆಯದೂ ಅಲ್ಲಿಗೇ ಬಂತು, ಮೂರನೆಯದೂ. ಎಂಡರ್ ಬೇರೆಲ್ಲಿಗೂ ಹೊಡೆಯುತ್ತಿರಲಿಲ್ಲ, ಒಂದೂ ತಪ್ಪುತ್ತಿರಲಿಲ್ಲ. ಬುಟ್ಟಿಯಲ್ಲಿ ಇನ್ನೂ ಐವತ್ತು ಚೆಂಡುಗಳಿದ್ದವು. ಲಾಯ್ಡ್ ತಲೆ ಬಗ್ಗಿಸದೆ ಒಂದೊಂದಾಗಿ ಎಸೆಯುತ್ತಾ ಹೋದ.