ಒಂದೂವರೆ ಮೀಟರ್ ಟೇಪು

ಧ್ವನಿಮುದ್ರಣ ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಬೇಡದ್ದನ್ನು ತೆಗೆದು ಅಂಟಿಸಿದನೆಂದರೆ, ಎಲ್ಲಿ ಕೂಡಿಸಿದ್ದಾನೆಂದು ಯಾರ ಕಿವಿಗೂ ತಿಳಿಯುತ್ತಿರಲಿಲ್ಲ. ಒಪೆರಾ, ಚರ್ಚಿನ ವೃಂದಗಾನ, ಹೀಗೆ ಮೂವತ್ತೇಳು ವರ್ಷದ ಕೆಲಸ ಕಪಾಟುಗಳಲ್ಲಿತ್ತು. ನಿವೃತ್ತಿಗೆ ಇನ್ನು ಐದು ತಿಂಗಳು. ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮರುಬಿಡುಗಡೆಗೆ ಸಿದ್ಧಮಾಡುವುದು ಅವನ ಕೊನೆಯ ಜವಾಬ್ದಾರಿ.

ಆ ಬೆಳಿಗ್ಗೆ ಯಂತ್ರಕ್ಕೆ ಏರಿಸಿದ್ದು ಸಂಸ್ಥೆಗೆ ಹೆಸರು ತಂದ ಒಪೆರಾ. ಮೂರನೇ ಅಂಕದ ಕೊನೆಯಲ್ಲಿ ವಾದ್ಯಗಳೆಲ್ಲ ನಿಂತುಹೋಗಿ, ನಾಯಕಿಯ ದನಿಯೊಂದೇ ನಾಲ್ಕು ಸೆಕೆಂಡು ಮೇಲಿನ ಸ್ವರದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಒಣಗಿದ ಅಂಟು ಬಿಟ್ಟುಕೊಂಡಿತು. ಒಂದೂವರೆ ಮೀಟರಿನಷ್ಟು ತುಂಡು ಕಳಚಿ ಅವನ ತೊಡೆಯ ಮೇಲೆ ಬಿತ್ತು. ಹಿಂದೆ ನಿಂತಿದ್ದ ಹೊಸ ಮೇಲಧಿಕಾರಿ ಬಗ್ಗಿ ನೋಡಿದಳು. ಮಗಳ ವಯಸ್ಸಿನವಳು, ಆದರೆ ಕಿವಿ ಚುರುಕು.

"ಸರ್, ಇದು ಬೇರೆ ಟೇಪಲ್ವಾ? ಬಣ್ಣಾನೇ ಬೇರೆ ಇದೆ."

ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಅವನಿಗೆ ನಾಲಿಗೆ ಏಳಲಿಲ್ಲ. "ದನೀನೂ ಬೇರೆ ಮೇಡಂ," ಎಂದ.

ನಾಯಕಿಯಾಗಿ ಹಾಡಿದವರು ಅವನ ಹೆಂಡತಿಯ ಅಕ್ಕ. ಮುದ್ರಣದ ಕೊನೆಯ ದಿನ ಅವರಿಗೆ ಜ್ವರ. ಹನ್ನೊಂದು ಸಲ ಪ್ರಯತ್ನಿಸಿದರು, ಹನ್ನೊಂದು ಸಲವೂ ಸ್ವರ ಒಡೆಯಿತು. ಮರುದಿನ ಮಧ್ಯಾಹ್ನ ಖಾಲಿ ಸಭಾಂಗಣಕ್ಕೆ ಒಪೆರಾದ ನಿರ್ದೇಶಕರು ತಂಗಿಯನ್ನು ಕರೆಸಿದರು. ಅವಳು ಚರ್ಚಿನ ವೃಂದದಲ್ಲಿ ಎರಡನೇ ಸಾಲಿನವಳು. ಅಕ್ಕತಂಗಿಯರ ದನಿ ಒಂದೇ ಅಚ್ಚಿನಲ್ಲಿ ಎರೆದಂತಿತ್ತು. ಅವಳು ಒಂದೇ ಸಲಕ್ಕೆ ಹಾಡಿದಳು. ಇವನು ಕೊಯ್ದು ಕೂಡಿಸಿದ. "ಐದನೇ ಸಲದ್ದು ಚೆನ್ನಾಗೇ ಬಂದಿತ್ತು, ಜ್ವರದಲ್ಲಿ ನಿಮಗೆ ಗೊತ್ತಾಗಿಲ್ಲ" ಎಂದು ಅಕ್ಕನನ್ನು ನಂಬಿಸಿದರು. ಬಾಯಿಬಿಡುವುದಿಲ್ಲವೆಂದು ಇವನಿಂದಲೂ ತಂಗಿಯಿಂದಲೂ ಮಾತು ತೆಗೆದುಕೊಂಡ ನಿರ್ದೇಶಕರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಆ ತಂಗಿಯನ್ನು ಇವನು ಮದುವೆಯಾದದ್ದು ಅದರ ಮುಂದಿನ ವರ್ಷ. ಅಕ್ಕನ ಮನೆಗೆ ಬಂದವರೆಲ್ಲ ಆ ನಾಲ್ಕು ಸೆಕೆಂಡನ್ನು ಹಾಕಿಸಿಕೊಂಡು ಕೇಳುತ್ತಿದ್ದರು. ಆಗೆಲ್ಲ ಅವನ ಹೆಂಡತಿ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

"ಮರುಬಿಡುಗಡೆ ಜೊತೆ ಬರೋ ಪುಸ್ತಿಕೆಯಲ್ಲಿ ನಿಜ ಬರೀಬೇಕಾಗುತ್ತೆ," ಎಂದಳು ಎಲ್ಲವನ್ನೂ ಕೇಳಿದ ಮೇಲಧಿಕಾರಿ. "ಅಕ್ಕನವರಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಊಟಕ್ಕೆ ಮನೆಗೆ ಹೋದವನು ತಟ್ಟೆಯ ಮುಂದೆ ಕೂತು ಎಲ್ಲ ಹೇಳಿದ. ವಿಷಯ ಕೇಳಿ ಹೆಂಡತಿ ಸೌಟು ಕೆಳಗಿಟ್ಟಳು.

"ಹೇಳಿಬಿಡಿ. ಬಿಸಿ ತುಪ್ಪದ ಹಾಗೆ ಇಷ್ಟು ವರ್ಷ ಬಾಯಲ್ಲಿಟ್ಕೊಂಡಿದ್ದಾಯ್ತು. ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ."

"ಅಕ್ಕ ತಡ್ಕೊಳ್ತಾರಾ?"

"ನಾನು ತಡ್ಕೊಂಡಿದೀನಲ್ಲ. ಅದನ್ನ ಯಾವತ್ತಾದ್ರೂ ಕೇಳಿದ್ರಾ ನೀವು?"

ಅವನು ಕೇಳಿರಲಿಲ್ಲ.

ಅಕ್ಕನಿಗೆ ಎಪ್ಪತ್ತೊಂದು. ಮಂಡಿ ಸೋತು ಕಿಟಕಿಯ ಬಳಿಯ ಕುರ್ಚಿಯೇ ಅವರ ಲೋಕವಾಗಿತ್ತು. ತಂಗಿಯ ಗಂಡನಾಗುವ ಮೊದಲೇ ಪರಿಚಯವಿದ್ದದ್ದರಿಂದ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅವನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಶಾಲಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

"ಅಂದ್ರೆ ಮೂವತ್ತೈದು ವರ್ಷ ಜನ ನನ್ನ ಮುಂದೆ ಅವಳನ್ನ ಹೊಗಳಿದಾರೆ."

"ಅಕ್ಕ, ಉಳಿದ ಎರಡೂವರೆ ಗಂಟೆ ನಿಮ್ಮದೇ."

"ಸಮಾಧಾನ ಹೇಳ್ಬೇಡ ಕತ್ತರಿ. ಅವಳು ಈ ಮನೇಲಿ ನನ್ನ ಎದುರಿಗೇ ಕೂತು ಕೇಳಿದಾಳೆ. ಒಳಗೊಳಗೆ ನಗ್ತಿದ್ದಳಾ?"

"ಅವಳು ಒಂದು ಸಲವೂ ಕೂತು ಕೇಳಿಲ್ಲ ಅಕ್ಕ. ಎದ್ದು ಹೋಗ್ತಿದ್ದಳು."

ಅಕ್ಕ ಶಾಲಿನ ಅಂಚು ಕೈಬಿಟ್ಟರು. ಆಮೇಲೆ, "ನಂದು ಇದೆಯಾ? ಒಡೆದದ್ದು?" ಎಂದರು.

ಇತ್ತು. ಕೊಯ್ದು ತೆಗೆದ ತುಂಡನ್ನು ಎಸೆಯಬಾರದೆಂಬುದು ಅವನ ಕಸುಬಿನ ನೇಮ. ಡಬ್ಬಿಯಲ್ಲಿ ಚೀಟಿ ಸಮೇತ ಇಟ್ಟಿದ್ದ. ಎರಡು ದಿನ ಬಿಟ್ಟು ಅದರ ಪ್ರತಿ ಮಾಡಿ ತಂದು ಕೇಳಿಸಿದ. ಸ್ವರ ಏರಿತು, ಅರ್ಧದಲ್ಲಿ ಬಿರುಕು ಬಿಟ್ಟಿತು, ಆದರೂ ಬೀಳದೆ ಕೊನೆಯವರೆಗೆ ನಡುಗುತ್ತಲೇ ನಿಂತಿತು. ಅಕ್ಕ ಮೂರು ಸಲ ಹಾಕಿಸಿದರು. ಎರಡನೇ ಸಲಕ್ಕೆ ಅವರ ಕಣ್ಣು ತುಂಬಿತ್ತು. ಮೂರನೇ ಸಲಕ್ಕೆ ಮುಖ ಗಟ್ಟಿಯಾಗಿತ್ತು.

"ಇದನ್ನೇ ಹಾಕು. ಅವಳದ್ದು ತೆಗಿ. ನನ್ನ ಹೆಸರಿನ ಕೆಳಗೆ ಕೆಟ್ಟದ್ದಿದ್ರೂ ನನ್ನದೇ ಇರಲಿ."

ಅದು ನ್ಯಾಯವೇ. ಮೇಲಧಿಕಾರಿಯೂ ತಕರಾರಿಲ್ಲದೆ ಒಪ್ಪಿದಳು. ಆದರೆ ಅವನ ಹೆಂಡತಿಯ ದನಿ ಈ ಲೋಕದಲ್ಲಿ ಒಂಟಿಯಾಗಿ ಉಳಿದಿದ್ದರೆ ಅದು ಆ ನಾಲ್ಕು ಸೆಕೆಂಡು ಮಾತ್ರ. ಅದಕ್ಕೆ ತಾನೇ ಬ್ಲೇಡು ಹಿಡಿಯಬೇಕು. ಅವನು ಒಂದು ವಾರ ಕೆಲಸ ಮುಂದೂಡಿದ. ಅವಳು ಹಾಡಿದ್ದ ಚರ್ಚಿನ ವೃಂದಗಾನಗಳ ಟೇಪುಗಳನ್ನು ಒಂದೊಂದಾಗಿ ಹಾಕಿ, ನಲವತ್ತು ಕಂಠಗಳಲ್ಲಿ ಅವಳದನ್ನು ಹುಡುಕಿದ. ಕಿವಿ ನೊಂದಿತೇ ಹೊರತು ಸಿಗಲಿಲ್ಲ.

ಕೊನೆಗೆ ಮನೆಯಲ್ಲಿ ಬಾಯಿಬಿಟ್ಟ.

"ಅಲ್ಲಿ ಹುಡುಕಿದ್ರಾ?" ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ವೃಂದದಲ್ಲಿ ನನ್ನ ದನಿ ಬೇರೆ ಕೇಳಿಸಿದ್ರೆ ನಾನು ತಪ್ಪು ಹಾಡಿದೀನಿ ಅಂತ ಅರ್ಥ ಕಣ್ರೀ. ಸಿಗಲ್ಲ ಬಿಡಿ." ಆಮೇಲೆ ಕೇಳಿದಳು: "ಅಕ್ಕ ತೆಗಿ ಅಂದ್ಲಾ?"

"ಹೂಂ."

"ನಾನು ಬೇಡ ಅಂದ್ರೆ?"

ಅವಳು ಒಲೆಯ ಕಡೆ ತಿರುಗಿ ನಿಂತು, "ತೆಗೀರಿ. ಅದು ಅವಳ ಮನೆ. ನಾನು ಬಾಡಿಗೆಗೂ ಇರ್ಲಿಲ್ಲ ಅಲ್ಲಿ," ಎಂದಳು.

ಮರುದಿನ ಅವನು ಅಕ್ಕನ ತುಂಡನ್ನು ಅದರ ಜಾಗಕ್ಕೆ ಕೂಡಿಸಿದ. ಮೊದಲ ಬಾರಿಗೆ ಒಂದೇ ಜಾಗದಲ್ಲಿ ಎರಡು ಸಲ ಅಂಟಿಸಬೇಕಾಯಿತು. ಪುಸ್ತಿಕೆಯಲ್ಲಿ ಮೂರು ಸಾಲು ಬಂತು: ಹಿಂದಿನ ಮುದ್ರಣದಲ್ಲಿ ಆ ಸ್ವರ ಹಾಡಿದವರು ಇಂಥವರು ಎಂದು ಹೆಂಡತಿಯ ಹೆಸರು. ಅವಳು ಕನ್ನಡಕ ಹಾಕಿಕೊಂಡು ಓದಿದಳು. "ಹೆಸರು ಬಂತು, ದನಿ ಹೋಯ್ತು," ಎಂದು ಪುಸ್ತಿಕೆ ಮಡಚಿಟ್ಟಳು. ಪತ್ರಿಕೆಗಳಲ್ಲಿ ಕೆಲವರು ಒಡೆದ ಸ್ವರವನ್ನು ಮೆಚ್ಚಿದರು, ಕೆಲವರು ಹಳೆಯದೇ ವಾಸಿ ಎಂದರು.

ಎರಡು ತಿಂಗಳು ಅಕ್ಕತಂಗಿಯರ ಮಾತು ನಿಂತಿತ್ತು. ಆಮೇಲೆ ಅಕ್ಕನ ಮನೆಗೆಲಸದವಳು ರಜೆ ಹಾಕಿದಳೆಂದು, ತಲೆಸ್ನಾನ ಮಾಡಿಸಲು ಇವಳೇ ಹೋದಳು. ಸಂಜೆ ಮರಳಿದಾಗ ಅವಳ ಸೆರಗು ಒದ್ದೆಯಾಗಿತ್ತು.

"ಏನಂದ್ರು?" ಎಂದು ಅವನು ಕೇಳಿದ.

"ಆ ಸ್ವರಕ್ಕೆ ಉಸಿರು ಎಲ್ಲಿಂದ ತಗೊಂಡೆ ಅಂತ ಕೇಳಿದಳು. ತೋರಿಸಿದೆ. ಇಬ್ಬರೂ ಹಾಡೋಕೆ ನೋಡಿದ್ವಿ."

"ಬಂತಾ?"

"ಎಲ್ಲಿ ಬರುತ್ತೆ ಈ ವಯಸ್ಸಲ್ಲಿ," ಎಂದು ಸೀರೆ ಬದಲಾಯಿಸಲು ಒಳಗೆ ಹೋದಳು.